ಅಳಿದುಹೋದ ಅನ್ಯಗ್ರಹ ಭಾಷೆಯನ್ನು ಕಥೆಯಲ್ಲಿ ಓದಿಸುವುದು ಹೇಗೆ?

ಪ್ರಶ್ನೆ: ವೈಜ್ಞಾನಿಕ ಕಥೆಯೊಂದನ್ನು ಬರೆಯುತ್ತಿದ್ದೇನೆ. ನಿರ್ಜನ ಗ್ರಹವೊಂದರಲ್ಲಿ ಕೆತ್ತಿದ ಫಲಕಗಳು ಸಿಗುತ್ತವೆ, ಕೆತ್ತಿದವರು ಯಾರೂ ಉಳಿದಿಲ್ಲ. ನಾಯಕಿ ಅವನ್ನು ಓದಬೇಕು. ಓದುಗರು ನಂಬುವಂತೆ ಯಾವ ಹಂತಗಳನ್ನು ತೋರಿಸಲಿ? ತಿಳಿದವರು ಹೇಳಿ.

ಉತ್ತರ: ಮೊದಲು ಫಲಕಗಳು ಎಷ್ಟು, ಬರಹ ಎಷ್ಟು ಉದ್ದ ಅನ್ನುವುದನ್ನು ಗೊತ್ತುಮಾಡಿಕೊಳ್ಳಿ. ಸಿಂಧೂ ಲಿಪಿಯ ಬರಹಗಳು ಸಾವಿರಾರು ಸಿಕ್ಕಿವೆ, ಆದರೆ ಒಂದೊಂದರಲ್ಲಿ ಸರಾಸರಿ ಐದೇ ಚಿಹ್ನೆ. ದ್ವಿಭಾಷಾ ಶಾಸನವೂ ಇಲ್ಲ. ಹಾಗಾಗಿ ಎಲ್ಲರೂ ಒಪ್ಪುವ ಓದು ಇನ್ನೂ ಹುಟ್ಟಿಲ್ಲ. ನಿಮ್ಮ ನಾಯಕಿಗೆ ಉದ್ದದ ಬರಹಗಳನ್ನು ಕೊಡಿ. ಆಮೇಲೆ ಅವಳು ಬೇರೆ ಬೇರೆ ಚಿಹ್ನೆಗಳನ್ನು ಎಣಿಸಲಿ. ಭೂಮಿಯ ಲೆಕ್ಕದಲ್ಲಿ 20ರಿಂದ 40 ಇದ್ದರೆ ಅಕ್ಷರಮಾಲೆ. 50ರಿಂದ 100 ಇದ್ದರೆ ಚಿಹ್ನೆಗೊಂದು ಉಚ್ಚಾರಾಂಶ. ನೂರಾರು ಇದ್ದರೆ ಪದಚಿಹ್ನೆಗಳೂ ಬೆರೆತಿವೆ. ಎಡವುವುದು ಇಲ್ಲೇ. ಇಬ್ಬರು ಕೆತ್ತನೆಗಾರರ ಕೈಬರಹದ ವ್ಯತ್ಯಾಸವನ್ನು ಎರಡು ಚಿಹ್ನೆ ಎಂದು ಎಣಿಸಿದರೆ ಲಿಪಿಯ ಬಗೆಯೇ ತಪ್ಪಿಹೋಗುತ್ತದೆ.

ಉತ್ತರ: ಎಣಿಕೆ ಮುಗಿದ ಮೇಲೆ ಅರ್ಥಕ್ಕೆ ಹಾರಬೇಡಿ, ವ್ಯಾಕರಣ ಹುಡುಕಿಸಿ. ಗ್ರೀಸಿನ ಕ್ರೀಟ್ ದ್ವೀಪದಲ್ಲಿ ಸಿಕ್ಕ ಲೀನಿಯರ್ ಬಿ ಎಂಬ ಹಳೆಯ ಲಿಪಿ ಬಿಚ್ಚಿಕೊಂಡದ್ದು ಹಾಗೆ. ಪದದ ಮೊದಲ ಚಿಹ್ನೆಗಳು ಹಾಗೇ ಉಳಿದು ಕೊನೆಯವು ಬದಲಾಗುವುದನ್ನು 1940ರ ದಶಕದಲ್ಲಿ ಆಲಿಸ್ ಕೋಬರ್ ಎಂಬ ವಿದ್ವಾಂಸೆ ಗುರುತಿಸಿದರು. ನಮ್ಮ ಮರವನ್ನು, ಮರದಿಂದ, ಮರಕ್ಕೆ ಇದ್ದಹಾಗೆ. ಮೈಕೆಲ್ ವೆಂಟ್ರಿಸ್ ಅದನ್ನೇ ಬೆಳೆಸಿ, ಒಂದೇ ವ್ಯಂಜನದವನ್ನು ಒಂದು ಸಾಲಿಗೆ, ಒಂದೇ ಸ್ವರದವನ್ನು ಒಂದು ಕಂಬಕ್ಕೆ ಇಟ್ಟರು. ಕಾಗುಣಿತದ ಕೋಷ್ಟಕವೇ, ಧ್ವನಿ ಮಾತ್ರ ಗೊತ್ತಿಲ್ಲ! ಕ್ನೊಸೊಸ್, ಅಮ್ನಿಸೊಸ್ ಎಂಬ ಕ್ರೀಟಿನ ಊರ ಹೆಸರುಗಳನ್ನು ಊಹಿಸಿ ಹಾಕಿದಾಗ ಉಳಿದ ಮನೆಗಳೂ ತುಂಬಿಕೊಂಡವು; 1952ರಲ್ಲಿ ಅದು ಗ್ರೀಕ್ ಎಂದು ತಿಳಿಯಿತು.

ಉತ್ತರ: ಅನ್ಯಗ್ರಹದಲ್ಲಿ ಗೊತ್ತಿರುವ ಊರೂ ಇಲ್ಲ, ಬಂಧುಭಾಷೆಯೂ ಇಲ್ಲ. ಆದ್ದರಿಂದ ಉಚ್ಚಾರಣೆಯ ಆಸೆ ಬಿಡಿ, ಅರ್ಥವನ್ನು ಅಂಕಿಗಳ ಮೂಲಕ ಹಿಡಿಯಿರಿ. ಮಧ್ಯ ಅಮೆರಿಕದ ಮಾಯಾ ಜನರ ಲಿಪಿಯನ್ನು ಓದುವ ಎಷ್ಟೋ ಮೊದಲೇ ಚುಕ್ಕೆ ಒಂದು, ಗೆರೆ ಐದು ಎಂಬುದು ಗೊತ್ತಿತ್ತು. ಡ್ರೆಸ್ಡೆನ್ ಹಸ್ತಪ್ರತಿ ಎಂಬ ಮಾಯಾ ಪುಸ್ತಕದಲ್ಲಿ ಶುಕ್ರನ 584 ದಿನಗಳ ಚಕ್ರವನ್ನೂ ಗುರುತಿಸಿದ್ದರು. ನಾಯಕಿಯೂ ಆ ಗ್ರಹದ ವರ್ಷವನ್ನು, ಉಪಗ್ರಹಗಳ ಸುತ್ತನ್ನು ಅಳೆದು ಫಲಕದ ಅಂಕಿಗಳೊಂದಿಗೆ ತಾಳೆ ನೋಡಲಿ. ಎರಡು ಎಚ್ಚರಿಕೆ. ಎಣಿಕೆ ಹತ್ತರ ಮೇಲೇ ನಿಂತಿರಬೇಕಿಲ್ಲ, ಮಾಯಾ ಜನರದು ಇಪ್ಪತ್ತರದು. ಫಲಕಗಳು ಕೋಟ್ಯಂತರ ವರ್ಷ ಹಳೆಯವಾಗಿದ್ದು ಗ್ರಹಕ್ಕೆ ದೊಡ್ಡ ಚಂದ್ರನಿದ್ದರೆ, ಸೆಳೆತದಿಂದ ದಿನದ ಉದ್ದವೇ ಬದಲಾಗಿರುತ್ತದೆ. ವರ್ಷಕ್ಕೆ ಈಗ ಸಿಗುವ ದಿನಗಳ ಸಂಖ್ಯೆ ಫಲಕಕ್ಕೆ ಹೊಂದುವುದಿಲ್ಲ. ಈ ಹೊಂದದಿರುವಿಕೆಯಿಂದಲೇ ಅವಳು ಫಲಕದ ವಯಸ್ಸನ್ನು ಅಂದಾಜಿಸಬಹುದು, ಕಥೆಗೆ ಒಳ್ಳೆಯ ತಿರುವು.

ಕಂಪ್ಯೂಟರಿಗೆ ಹಾಕಿದೊಡನೆ ಅನುವಾದ ಬಂತು ಅಂತ ಮಾತ್ರ ಬರೆಯಬೇಡಿ. ಯಾವ ಚಿಹ್ನೆಯ ಪಕ್ಕ ಯಾವುದು ಬರುತ್ತದೆ ಎಂದು ಅದು ಹೇಳುತ್ತದೆ. ಆ ಚಿಹ್ನೆ ಯಾವ ವಸ್ತು ಅನ್ನಲು ಹೊರಗಿನ ಆಧಾರವೊಂದು ಬೇಕೇ ಬೇಕು.

ಉತ್ತರ: ಓದು ಸರಿಯೆಂದು ಸಾಬೀತಾಗುವ ದೃಶ್ಯವೂ ಇರಲಿ. ಗ್ರೀಸಿನ ಪೈಲೊಸ್‌ನಲ್ಲಿ ಹೊಸದಾಗಿ ಸಿಕ್ಕ ಲೀನಿಯರ್ ಬಿ ಫಲಕವೊಂದಕ್ಕೆ 1953ರಲ್ಲಿ ಪುರಾತತ್ವಜ್ಞ ಕಾರ್ಲ್ ಬ್ಲೆಗೆನ್ ವೆಂಟ್ರಿಸ್‌ರ ಧ್ವನಿಗಳನ್ನು ಹಾಕಿ ನೋಡಿದರು. ಮೂರು ಕಾಲಿನ ಪಾತ್ರೆಯ ಚಿತ್ರದ ಬಳಿ ಅದರದೇ ಗ್ರೀಕ್ ಹೆಸರು ಬಂತು, ಪಾತ್ರೆಗಳ ಹಿಡಿಗಳ ಸಂಖ್ಯೆಯೂ ಪದಗಳಿಗೆ ಕೂಡಿಬಂತು. ಹೊಸ ಫಲಕ ಸಿಗದಿದ್ದರೆ 1857ರ ಲಂಡನ್ನಿನ ದಾರಿ ಇದೆ: ಒಂದೇ ಅಸ್ಸೀರಿಯನ್ ಶಾಸನವನ್ನು ನಾಲ್ವರು ಒಬ್ಬರಿಗೊಬ್ಬರು ತೋರಿಸದೆ ಅನುವಾದಿಸಿ ಮೊಹರು ಹಾಕಿದ ಲಕೋಟೆಯಲ್ಲಿ ಕೊಟ್ಟರು. ತೆರೆದಾಗ ಮುಖ್ಯ ಭಾಗಗಳು ಹೊಂದಿದವು. ನಿಮ್ಮ ನಾಯಕಿಗೂ ಒಬ್ಬ ಪ್ರತಿಸ್ಪರ್ಧಿಯನ್ನು ಕೊಡಿ.