ಪುಟ್ಟನ ಸೈಕಲ್ ಹ್ಯಾಂಡಲ್: ಬಿಗಿ ಮಾಡಬೇಕಾದ್ದು ಯಾವ ಬೋಲ್ಟ್?

ಅಕ್ಕಾ, ಈಗ ತಾನೇ ವಿಡಿಯೋ ನೋಡಿದೆ. ಪುಟ್ಟ ಹ್ಯಾಂಡಲ್ ಎಡಕ್ಕೆ ತಿರುಗಿಸಿದರೂ ಚಕ್ರ ನೆಟ್ಟಗೇ ನಿಂತಿದೆಯಲ್ಲ! ಇವತ್ತು ಟ್ಯೂಷನ್‌ಗೆ ನಡೆದೇ ಹೋಗಲಿ.

ಭಾವ, ಮೇಲಿನ ಬೋಲ್ಟ್ ಬಿಗಿ ಮಾಡಿದರೆ ಸಾಕು ಅಂದಿದ್ದೀರಿ. ಬೇಜಾರು ಮಾಡ್ಕೋಬೇಡಿ, ಅದು ನಮ್ಮ ಅಪ್ಪನ ಕರೀ ಸೈಕಲ್‌ಗೆ ಸರಿ. ಅದರಲ್ಲಿ ಮೇಲಿಂದ ಒಂದು ಉದ್ದ ಬೋಲ್ಟ್ ಒಳಗಿಳಿದು, ತುದಿಯಲ್ಲಿರುವ ಬೆಣೆಯನ್ನು ಎಳೆದು ಪೈಪಿಗೆ ಕಚ್ಚಿಸುತ್ತದೆ. ಬೋಲ್ಟ್ ಸಡಿಲ ಮಾಡಿದ ಮೇಲೂ ಬೆಣೆ ಬಿಡದಿದ್ದಾಗ ಅಪ್ಪ ಬೋಲ್ಟಿನ ತಲೆ ಮೇಲೆ ಮರದ ತುಂಡಿಟ್ಟು ಸುತ್ತಿಗೆಯಲ್ಲಿ ಕುಟ್ಟುತ್ತಿದ್ದರು, ನೆನಪಿದೆಯಾ ಅಕ್ಕಾ? ಪುಟ್ಟನದು ಹಾಗಲ್ಲ. ಹ್ಯಾಂಡಲ್ ಕೂರಿಸಿರುವ ತುಂಡಿನ ಹಿಂಬದಿಯಲ್ಲಿ ಎರಡು ಬೋಲ್ಟ್ ಕಾಣುತ್ತಿವೆ ನೋಡಿ, ಹ್ಯಾಂಡಲನ್ನು ಫೋರ್ಕ್‌ಗೆ, ಅಂದರೆ ಮುಂದಿನ ಚಕ್ರ ಹಿಡಿದಿರುವ ಕವಲಿಗೆ, ಹಿಡಿದಿಡುವುದು ಅವು. ಮೇಲಿನದು, ಹ್ಯಾಂಡಲ್ ಸಲೀಸಾಗಿ ತಿರುಗಲು ಇರುವ ಬೇರಿಂಗಿನ ಅಲುಗಾಟ ತೆಗೆಯುವುದಕ್ಕೆ ಮಾತ್ರ. ಅದನ್ನೇ ತಿರುಪುತ್ತಾ ಹೋದರೆ ಬೇರಿಂಗ್ ಬಿಗಿದು, ತಿರುವಿನಲ್ಲಿ ಹ್ಯಾಂಡಲ್ ತಿರುಗಿಸೋದೇ ಕಷ್ಟ.

5 ಎಂಎಂ ಅಲೆನ್ ಕೀ (ಆರು ಮೂಲೆಯ, ಎಲ್ ಆಕಾರದ ಕಡ್ಡಿ) ಬೇಕು, ಕೆಲವಕ್ಕೆ 4. ಕೀ ಗುಳಿಯೊಳಗೆ ಪೂರ್ತಿ ಕೂರಲಿ. ಅರ್ಧ ಕೂತರೆ ಮೂಲೆ ಸವೆದು ಬೋಲ್ಟ್ ಹಾಳಾಗುತ್ತದೆ. ಮೊದಲು ಹಿಂದಿನ ಎರಡನ್ನೂ ಸಡಿಲ ಮಾಡಿ. ಮುಂದಿನ ಬ್ರೇಕ್ ಹಿಡಿದು ಸೈಕಲನ್ನು ಹಿಂದಕ್ಕೂ ಮುಂದಕ್ಕೂ ಜಗ್ಗಿ. ಹ್ಯಾಂಡಲ್ ಕೆಳಗಿನ ಜಾಯಿಂಟ್ ಮೇಲೆ ಬೆರಳಿಟ್ಟರೆ ಅಲುಗಾಟ ಟಕ್ ಟಕ್ ಅಂತ ತಿಳಿಯುತ್ತದೆ. ಮೇಲಿನ ಬೋಲ್ಟನ್ನು ಚೂರು ಚೂರೇ ತಿರುಪಿ, ಆ ಟಕ್ ಟಕ್ ನಿಂತ ಕೂಡಲೇ ಬಿಟ್ಟುಬಿಡಿ. ಆಮೇಲೆ ಹ್ಯಾಂಡಲನ್ನು ಚಕ್ರಕ್ಕೆ ಅಡ್ಡ ನೇರ ಮಾಡಿ, ಹಿಂದಿನ ಎರಡನ್ನು ಸರದಿಯಂತೆ ಬಿಗಿ ಮಾಡಿ. ಒಂದನ್ನೇ ಪೂರ್ತಿ ಬಿಗಿ ಮಾಡಿ ಇನ್ನೊಂದಕ್ಕೆ ಹೋಗಬೇಡಿ.

ಎಷ್ಟು ಬಿಗಿ ಅಂತ ಹೆಚ್ಚಾಗಿ ಅಲ್ಲೇ ಬರೆದಿರುತ್ತದೆ, 5 ನ್ಯೂಟನ್ ಮೀಟರ್ ಅಂತಲೋ ಏನೋ. ಅದನ್ನು ಅಳೆಯುವ ಸ್ಪ್ಯಾನರ್ ಯಾರ ಮನೇಲಿದೆ ಬಿಡಿ! ಕೈಬಲ ಸಾಕು. ಕೀಗೆ ಪೈಪ್ ತೂರಿಸಿ ಮಾತ್ರ ತಿರುಪಬೇಡಿ. ಕಾಲೇಜಿನಲ್ಲಿದ್ದಾಗ ನಾನು ಹಾಗೆ ಮಾಡಿ ಬೋಲ್ಟ್ ತಲೆ ಕಿತ್ತು ಬಂತು, ಉಳಿದರ್ಧ ಒಳಗೇ ಸಿಕ್ಕಿಕೊಂಡಿತು. ಅದನ್ನು ತೆಗೆಸೋಕೆ ಬೋಲ್ಟಿಗಿಂತ ಜಾಸ್ತಿ ದುಡ್ಡು ಹೋಯಿತು.

ಕೊನೆಗೆ ಮುಂದಿನ ಚಕ್ರವನ್ನು ಎರಡು ಮೊಣಕಾಲ ನಡುವೆ ಒತ್ತಿ ಹಿಡಿದು ಹ್ಯಾಂಡಲ್ ತಿರುಚಿ ನೋಡಿ. ಇಷ್ಟಾದ ಮೇಲೂ ಜಾರಿದರೆ ಸೀದಾ ಸೈಕಲ್ ಶಾಪ್‌ಗೆ.

ಕೀ ಸೆಟ್ ಇಲ್ಲದಿದ್ದರೆ ಹೇಳಿ ಭಾವ, ಭಾನುವಾರ ಬರುವಾಗ ತರುತ್ತೇನೆ. ಅಲ್ಲಿವರೆಗೆ ಸೈಕಲ್ ಬೀಗದ ಕೈ ಅಕ್ಕನ ಹತ್ತಿರವೇ ಇರಲಿ, ಪುಟ್ಟನನ್ನು ನಂಬೋಕಾಗಲ್ಲ.