ಅಡ್ಹೀಶನ್‌ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಸಿಸೇರಿಯನ್ ಆದ ತಾಯಂದಿರಿಗಾಗಿ ಒಂದು ಮಾಹಿತಿ ಹಾಳೆ ಬರೆಯುತ್ತಿದ್ದೇನೆ. ಅದರಲ್ಲಿ ‘ಅಡ್ಹೀಶನ್’ ಬರುತ್ತದೆ, ಅಂದರೆ ಆಪರೇಷನ್ ಆದ ಮೇಲೆ ಹೊಟ್ಟೆಯೊಳಗಿನ ಅಂಗಗಳು ಒಂದಕ್ಕೊಂದು ಅಂಟಿಕೊಳ್ಳುವುದು. ಅದಕ್ಕೊಂದು ಒಳ್ಳೆಯ ಪದ ಬೇಕು. ಪದ ಆರಿಸಲು ವಿಷಯ ಗೊತ್ತಿರಬೇಕಲ್ವಾ, ಮೊದಲು ಅದನ್ನೇ ಹೇಳುತ್ತೇನೆ.

ಹೊಟ್ಟೆಯ ಒಳಗೋಡೆ, ಕರುಳು, ಗರ್ಭಕೋಶ ಇವುಗಳ ಮೇಲೆ ತೆಳುವಾದ ಪೊರೆ ಇರುತ್ತದೆ. ಅದು ಸದಾ ಒದ್ದೆಯಾಗಿ ಜಾರುವುದರಿಂದ ಅಂಗಗಳು ಸಲೀಸಾಗಿ ಸರಿದಾಡುತ್ತವೆ. ಆಪರೇಷನ್ ಹೊತ್ತಿನಲ್ಲಿ ಈ ಪೊರೆ ಕೊಯ್ದು, ಒಣಗಿ, ಬಟ್ಟೆ ಉಜ್ಜಿ ಗಾಯವಾಗುತ್ತದೆ. ಆಗ ಫೈಬ್ರಿನ್ ಎಂಬ ಅಂಟಂಟಾದ ವಸ್ತು ಅಲ್ಲಿ ಕಟ್ಟಿಕೊಳ್ಳುತ್ತದೆ. ರಕ್ತ ಹೆಪ್ಪುಗಟ್ಟುವುದೂ ಇದರಿಂದಲೇ. ಅದು ಪಕ್ಕದ ಅಂಗವನ್ನೂ ಹಿಡಿದುಕೊಳ್ಳುತ್ತದೆ. ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ದೇಹವೇ ಅದನ್ನು ಕರಗಿಸಿಬಿಡುತ್ತದೆ. ಆದರೆ ಗಾಯವಾದ ಜಾಗಕ್ಕೆ ರಕ್ತ ಸರಿಯಾಗಿ ಹರಿಯದಿದ್ದರೆ, ಸೋಂಕು ತಗುಲಿದರೆ, ಕರಗಿಸುವ ಶಕ್ತಿ ಕುಗ್ಗುತ್ತದೆ. ಉಳಿದುಕೊಂಡ ಫೈಬ್ರಿನ್ ಮೇಲೆ ಕೊಲಾಜನ್ ನಾರು ಬೆಳೆಯುತ್ತದೆ. ಆಮೇಲೆ ರಕ್ತನಾಳ, ನರಗಳೂ ಅದರೊಳಗೆ ಹಬ್ಬುತ್ತವೆ. ಅಷ್ಟಾದ ಮೇಲೆ ಅದು ತಾನಾಗಿ ಬಿಡುವುದಿಲ್ಲ. ಕತ್ತರಿಸಿ ಬಿಡಿಸಿದರೂ ಆ ಹೊಸ ಗಾಯದಲ್ಲಿ ಮತ್ತೆ ಹುಟ್ಟಬಹುದು.

ಬಹಳ ಜನರಿಗೆ ಇದರಿಂದ ತೊಂದರೆಯಾಗುವುದಿಲ್ಲ. ಕೆಲವರಿಗೆ ಕರುಳು ಮಡಚಿಕೊಂಡು ದಾರಿ ಕಟ್ಟುತ್ತದೆ. ಮೂತ್ರಕೋಶ ಗರ್ಭಕೋಶಕ್ಕೆ ಅಂಟಿದ್ದರೆ ಮುಂದಿನ ಸಿಸೇರಿಯನ್ ಕಷ್ಟವಾಗುತ್ತದೆ. ಹಾಗಾಗಿ ತಾಯಂದಿರಿಗೆ ಇದು ಸರಿಯಾಗಿ ಅರ್ಥವಾಗಲೇಬೇಕು.

ಈಗ ಪದಕ್ಕೆ ಬರೋಣ. ಸುಮ್ನೆ ‘ಅಂಟು’ ಅಂದರೆ ಅಂಟುರೋಗ, ಅಂಟುಜಾಡ್ಯ ನೆನಪಾಗುತ್ತವೆ. ಮಗುವಿಗೂ ಹರಡುತ್ತಾ ಅಂತ ಬಾಣಂತಿ ಹೆದರಬಾರದು. ‘ಅಂಟುಪಟ್ಟಿ’ ಅಂದರೆ ಗಾಯದ ಮೇಲೆ ಹಚ್ಚುವ ಪ್ಲಾಸ್ಟರ್ ಅಂದುಕೊಳ್ಳುತ್ತಾರೆ. ‘ಬೆಸುಗೆ’ ಅಂದರೆ ಡಾಕ್ಟರೇ ಬೇಕೆಂದು ಸೇರಿಸಿದ ಹಾಗೆ ಕೇಳಿಸುತ್ತದೆ. ‘ಗಾಯದ ಕಲೆ’ ಚರ್ಮದ ಮೇಲೆ ಕಾಣುವಂಥದ್ದು, ಒಳಗಿನದಕ್ಕೆ ಹೊಂದುವುದಿಲ್ಲ. ‘ಕರುಳು ಸುತ್ತಿಕೊಂಡಿದೆ’ ಅನ್ನುವುದು ಬೇರೆಯೇ ಕಾಯಿಲೆ.

ವಾಕ್ಯದೊಳಗೆ ‘ಕರುಳು ಅಂಟಿಕೊಂಡಿದೆ’ ಅಂದರೆ ಸಾಕು, ಯಾರಿಗಾದರೂ ತಿಳಿಯುತ್ತದೆ. ತಲೆಬರಹಕ್ಕೆ ಮಾತ್ರ ಹೆಸರುಪದ ಬೇಕು. ‘ಒಳಗಾಯದ ಅಂಟಿಕೆ’ ಅಂತ ಬರೆದುಕೊಂಡಿದ್ದೇನೆ, ಎಳೆಯ ಹಾಗೆ ಬೆಳೆದದ್ದಕ್ಕೆ ‘ನಾರುಪಟ್ಟಿ’ ಅಂತ. ಓದಲು ಹೇಗನ್ನಿಸುತ್ತದೆ? ನಿಮ್ಮ ಕಡೆ ನರ್ಸಮ್ಮಂದಿರು, ಸೂಲಗಿತ್ತಿಯರು ಇದಕ್ಕೆ ‘ಹತ್ತಿಕೊಂಡಿದೆ’, ‘ಕಚ್ಚಿಕೊಂಡಿದೆ’ ಅನ್ನುತ್ತಾರಾ, ಅಥವಾ ಬೇರೆ ಮಾತಿದೆಯಾ? ಯಾವ ಊರಿನ ಬಳಕೆ ಅನ್ನುವುದನ್ನೂ ಜೊತೆಗೆ ತಿಳಿಸಿ.