ಗುಡ್ಡ ಬಿಟ್ಟು ಬುಡದಲ್ಲೇಕೆ ಕಂದಕ?

ಪ್ರಶ್ನೆ: ನಮಸ್ಕಾರ ಸರ್. ಎತ್ತರದಲ್ಲಿ ನಿಂತವನದೇ ಮೇಲುಗೈ ಎಂದು ಓದಿಕೊಂಡು ಬಂದವನು ನಾನು. 1899ರ ಡಿಸೆಂಬರ್ 11ರಂದು ದಕ್ಷಿಣ ಆಫ್ರಿಕಾದ ಮಾಗರ್ಸ್‌ಫಾಂಟೇನ್‌ನಲ್ಲಿ ಬ್ರಿಟಿಷರೊಡನೆ ನಡೆದ ಕಾಳಗಕ್ಕೆಂದು ಬೋಯರರು (ಅಲ್ಲಿ ನೆಲೆಸಿದ್ದ ಡಚ್ ಮೂಲದವರು) ಮೊದಲೇ ಗುಡ್ಡಸಾಲನ್ನು ಬೆನ್ನಿಗಿಟ್ಟುಕೊಂಡು ಅದರ ಬುಡದಲ್ಲಿ ಕಂದಕ ತೋಡಿದರಂತೆ. ಏಕೆ?

ಉತ್ತರ (ನಿವೃತ್ತ ಸೇನಾಧಿಕಾರಿ): ನೆತ್ತಿಯಿಂದ ಕೆಳಕ್ಕೆ ಹಾರಿಸಿದ ಗುಂಡು ಗುರಿ ತಪ್ಪಿದರೆ ಮಣ್ಣು ಸೇರುತ್ತದೆ. ನೆಲಮಟ್ಟದಿಂದ ಹಾರಿಸಿದ್ದು ಬಯಲನ್ನು ಸವರಿಕೊಂಡೇ ಹೋಗುತ್ತದೆ. ಮುಂದಿನವನಿಗೆ ತಪ್ಪಿದರೆ ಹಿಂದಿನವನಿಗೆ ತಗಲುತ್ತದೆ. ಬೋಯರರ ಮೌಸರ್ ಬಂದೂಕಿಗೆ ಇದು ಹೇಳಿ ಮಾಡಿಸಿದ ಜಾಗ.

ಇದನ್ನು ಕಂಡುಕೊಂಡವನು ಬೋಯರ್ ದಳಪತಿ ಕೂಸ್ ಡೆ ಲಾ ರೇ. ನವೆಂಬರಿನಲ್ಲಿ ಬೆಲ್ಮಾಂಟ್, ಗ್ರಾಸ್ಪಾನ್‌ಗಳಲ್ಲಿ ಬೋಯರರು ಗುಡ್ಡದ ಮೇಲೇ ಕುಳಿತು, ಫಿರಂಗಿಗಳಿಗೆ ಗುರಿಯಾಗಿ, ಎರಡನ್ನೂ ಕಳೆದುಕೊಂಡಿದ್ದರು. ಸೇನಾನಿ ಕ್ರೋನ್ಯೆ ಮೊದಲು ಒಪ್ಪಲಿಲ್ಲ. ಬೋಯರರ ಆರೆಂಜ್ ಫ್ರೀ ಸ್ಟೇಟ್‌ನ ಅಧ್ಯಕ್ಷ ಸ್ಟೇನ್ ಡೆ ಲಾ ರೇಯ ಪರ ನಿಂತರು. ಕಂದಕಗಳನ್ನು ಹುಲ್ಲು, ಪೊದೆಗಳಿಂದ ಮರೆಮಾಡಿದರು.

ಬೋಯರರು ಸುತ್ತುವರಿದಿದ್ದ ಕಿಂಬರ್ಲಿ ಪಟ್ಟಣದ ಮುತ್ತಿಗೆ ಬಿಡಿಸಲು ಹೊರಟಿದ್ದ ಬ್ರಿಟಿಷ್ ಸೇನಾನಿ ಮೆಥುಯೆನ್‌ನ ಫಿರಂಗಿಗಳು 10ರ ಮಧ್ಯಾಹ್ನ ಬಡಿದದ್ದು ಬರಿಯ ಗುಡ್ಡವನ್ನು. ಆ ರಾತ್ರಿ ಗುಡುಗು ಮಳೆಯಲ್ಲಿ ಅವನ ಸ್ಕಾಟಿಷ್ ಪಡೆಯಾದ ಹೈಲ್ಯಾಂಡ್ ಬ್ರಿಗೇಡ್ ಒತ್ತೊತ್ತಾಗಿ ನಡೆಯಿತು. ಬೆಳಗಿನ ಜಾವ, ಇನ್ನೇನು ಸಾಲು ಹರಡಿಕೊಳ್ಳಬೇಕು ಎನ್ನುವಾಗ, ಸುಮಾರು 400 ಗಜ ದೂರದಿಂದ ಗುಂಡು ಸಿಡಿಯಿತು. ದಂಡನಾಯಕ ವಾಕಪ್ ಆರಂಭದಲ್ಲೇ ಸತ್ತ. ಉಳಿದವರು ಹಗಲಿಡೀ ಬಯಲಿನಲ್ಲಿ ಬೋರಲು ಬಿದ್ದಿದ್ದರು. ತೊಟ್ಟದ್ದು ಕಿಲ್ಟ್ (ಮೊಣಕಾಲವರೆಗಿನ ಲಂಗ), ಮೊಣಕಾಲಿನ ಹಿಂಬದಿ ಬಿಸಿಲಿಗೆ ಸುಟ್ಟು ಬೊಬ್ಬೆ ಎದ್ದಿತು. ತಲೆ ಎತ್ತಿದರೆ ಗುಂಡು. ನನ್ನ ಸೇವಾವಧಿಯಲ್ಲಿ ಹೊಸಬರಿಂದ ಕಂದಕ ತೋಡಿಸುವಾಗಲೆಲ್ಲ ಆ ಸೈನಿಕರೇ ನೆನಪಾಗುತ್ತಿದ್ದರು. ಸತ್ತ, ಗಾಯಗೊಂಡ, ಕಾಣೆಯಾದ ಬ್ರಿಟಿಷರು 900ಕ್ಕೂ ಹೆಚ್ಚು. ಬೋಯರರಲ್ಲಿ ಸುಮಾರು 250. ಕಿಂಬರ್ಲಿಗೆ ಬಿಡುಗಡೆ ಸಿಕ್ಕಿದ್ದು 1900ರ ಫೆಬ್ರವರಿ 15ರಂದು.

ಇನ್ನೊಬ್ಬರ ಪ್ರಶ್ನೆ: ಗಾಂಧೀಜಿ ಗಾಯಾಳುಗಳನ್ನು ಹೊತ್ತದ್ದು ಇಲ್ಲಿಯೇ, ಸರ್?

ಉತ್ತರ: ಅಲ್ಲ ತಾಯಿ, ಅದು ನಟಾಲ್ ರಣರಂಗದಲ್ಲಿ. ಸುಮಾರು 1,100 ಭಾರತೀಯರ ಆಂಬ್ಯುಲೆನ್ಸ್ ದಳ ಕೊಲೆನ್ಸೊದಲ್ಲಿಯೂ 1900ರ ಜನವರಿಯಲ್ಲಿ ಸ್ಪಿಯೋನ್ ಕೋಪ್‌ನಲ್ಲಿಯೂ ದುಡಿಯಿತು. ಅದರಲ್ಲಿ ಹೆಚ್ಚಿನವರು ಗಿರ್ಮಿಟ್ (ಕರಾರಿಗೆ ಕಟ್ಟುಬಿದ್ದ) ಕೂಲಿಗಳು. ಅವರ ಹೆಸರು ಯಾರಿಗೂ ನೆನಪಿಲ್ಲದಿರುವುದು ನನಗೆ ಇವತ್ತಿಗೂ ನೋವು. ಮೊದಲು ಕೇಳಿದವರ ಪ್ರಶ್ನೆಗೂ ಸ್ಪಿಯೋನ್ ಕೋಪ್ ಉತ್ತರ ಕೊಡುತ್ತದೆ: ಅಲ್ಲಿ ಬ್ರಿಟಿಷರು ಕತ್ತಲಲ್ಲಿ ನೆತ್ತಿಯನ್ನೇ ಹಿಡಿದರು. ಮಣ್ಣಿನ ಕೆಳಗೆಲ್ಲ ಬಂಡೆ, ಕಂದಕ ಮೊಣಕಾಲುದ್ದವೂ ಇಳಿಯಲಿಲ್ಲ. ಮಂಜು ಕರಗಿದಾಗ ಸುತ್ತಲಿನ ಗುಡ್ಡಗಳ ಮೇಲೆಲ್ಲ ಬೋಯರರಿದ್ದರು.